ಶಿವನಸಮುದ್ರದ ತಂತಿಯೂ ನಮ್ಮ ಕೊಟ್ಟಿಗೆಯ ವೈರೂ

ನಮ್ಮ ಕೊಟ್ಟಿಗೆಗೆ ಸೋಲಾರ್ ಲೈಟು ಹಾಕಿಸಿ ಒಂದು ವರ್ಷ ಆಗಿತ್ತು. ಬ್ಯಾಟರಿ ಮನೆ ಜಗಲಿ ಮೇಲೆ, ಕೊಟ್ಟಿಗೆ ಅಲ್ಲಿಂದ 20 ಮೀಟರ್. ಹಾಕಿದವರು ಮಾಮೂಲಿ ಸಣ್ಣ ವೈರನ್ನೇ ಎಳೆದರು, ಫ್ಯೂಸು ಹಾಕಲಿಲ್ಲ. ದೀಪ ಮೊದಲಿಂದಲೂ ಮಂಕು. ಒಂದು ರಾತ್ರಿ ಜಗಲಿಯಲ್ಲಿ ಇಲಿ ವೈರು ಕಡಿದು ಎರಡೂ ತಂತಿ ಕೂಡಿಕೊಂಡವು. ವೈರಿನ ಮೇಲಿನ ಪ್ಲಾಸ್ಟಿಕ್ಕು ಕರಗಿ ಹೊಗೆ ಎದ್ದಿತು. ಪಕ್ಕದಲ್ಲೇ ಒಣಹುಲ್ಲು ಪೇರಿಸಿತ್ತು. ನಮ್ಮ ಮನೆಯವಳು ವಾಸನೆಗೆ ಎದ್ದಿದ್ದಕ್ಕೆ ಮನೆ ಉಳೀತು.

12 ವೋಲ್ಟು, ಮುಟ್ಟಿದರೆ ಜುಮ್ಮೂ ಅನ್ನಲ್ಲ, ಅದೇನು ಮಾಡೀತು ಅಂತ ನಾನಿದ್ದೆ. ಆಮೇಲೆ ಓದಿದಾಗ ಗೊತ್ತಾಯ್ತು, ಈ ಪಾಠ 140 ವರ್ಷ ಹಳೇದು.

ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಮನೆ ಅಂಗಡಿಗಳಿಗೆ ಕರೆಂಟು ಕೊಟ್ಟ. ಅದು ಸುಮಾರು 110 ವೋಲ್ಟಿನ ಡಿಸಿ, ಅಂದರೆ ನಮ್ಮ ಬ್ಯಾಟರಿ ಥರದ ಕರೆಂಟು. ವೋಲ್ಟು ಕಮ್ಮಿ ಇದ್ದರೆ ಅಷ್ಟೇ ಬೆಳಕಿಗೆ ಆಂಪಿಯರು ಜಾಸ್ತಿ ಹರಿಯಬೇಕು, ಅದಕ್ಕೆ ದಪ್ಪ ತಾಮ್ರ ಬೇಕು. ತಾಮ್ರದ ಖರ್ಚು ತಡೆಯಲಾರದೆ ಆ ಕರೆಂಟು ಸುಮಾರು ಒಂದು ಮೈಲಿ ದಾಟಲಿಲ್ಲ. ಅದಕ್ಕೂ ಮುಂಚೆ, 1880ರಲ್ಲೇ, ಅವನು ಇನ್ನೊಂದಕ್ಕೆ ಪೇಟೆಂಟು ತಗೊಂಡಿದ್ದ: ಕರೆಂಟು ಮಿತಿ ಮೀರಿದರೆ ವೈರು ಸುಡೋಕೆ ಮುಂಚೆ ತಾನೇ ಕರಗಿ ಹೋಗೋ ಸಣ್ಣ ತಂತಿ. ನಾವು ಪೀಸು ಹೋಯ್ತು ಅಂತೀವಲ್ಲ, ಅದೇ.

ನಮ್ಮ ಮೈಸೂರು ಸೀಮೆಯಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. ದೂರ ಸುಮಾರು 147 ಕಿಲೋಮೀಟರ್. ಅಲ್ಲಿ ಹರಿದದ್ದು ಎಸಿ. ಅದನ್ನು ಟ್ರಾನ್ಸ್‌ಫಾರ್ಮರಿನಲ್ಲಿ 35,000 ವೋಲ್ಟಿಗೆ ಏರಿಸಿ ಕಳಿಸಿದರು. ವೋಲ್ಟು ಹತ್ತರಷ್ಟು ಏರಿಸಿದರೆ ಆಂಪಿಯರು ಹತ್ತರಲ್ಲಿ ಒಂದು ಪಾಲಾಗುತ್ತೆ, ಅದೇ ತಂತಿಯಲ್ಲಿ ಆಗೋ ನಷ್ಟ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಹಾಗಾಗಿಯೇ ಅಷ್ಟು ದೂರ ಸಾಧ್ಯ ಆಯ್ತು. 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು.

ಈಗ ನಮ್ಮ ಕೊಟ್ಟಿಗೆಗೆ ಬನ್ನಿ. ನಮ್ಮದು ಎಡಿಸನ್ನಿನ 110ಕ್ಕಿಂತಲೂ ಕೆಳಗೆ, ಬರೀ 12. 24 ವ್ಯಾಟಿನ ದೀಪಕ್ಕೆ 230 ವೋಲ್ಟಿನಲ್ಲಿ ಸುಮಾರು 0.1 ಆಂಪಿಯರು ಸಾಕು, 12 ವೋಲ್ಟಿನಲ್ಲಿ 2 ಆಂಪಿಯರು ಬೇಕು. ಹೋಗಿ ಬರೋ ತಂತಿ ಸೇರಿ 40 ಮೀಟರ್. 1 ಚದರ ಮಿಲಿಮೀಟರಿನ ತಾಮ್ರದ ವೈರಾದರೆ ದಾರೀಲೇ ಸುಮಾರು 1.4 ವೋಲ್ಟು ಕಳೆದು ಹೋಗುತ್ತೆ. ದೀಪ ಮಂಕಾಗಿದ್ದು ಅದಕ್ಕೇ. ಎರಡೂವರೆಯದು ಹಾಕಿದರೆ ನಷ್ಟ ಅರ್ಧ ವೋಲ್ಟಿನ ಆಸುಪಾಸು. ನಾನೀಗ ಅದನ್ನೇ ಎಳೆಸಿದ್ದೀನಿ.

ಫ್ಯೂಸು ಬಲ್ಬು ಕಾಯೋಕಲ್ಲ, ವೈರು ಕಾಯೋಕೆ. ಬ್ಯಾಟರಿಯ ಎರಡು ತಂತಿ ನೇರ ಕೂಡಿದರೆ ನೂರಾರು ಆಂಪಿಯರು ನುಗ್ಗಬಹುದು, ವೋಲ್ಟು ಎಷ್ಟು ಅಂತ ಅದು ಕೇಳಲ್ಲ. ಅದಕ್ಕೆ ಫ್ಯೂಸು ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ, ಒಂದು ಗೇಣಿನೊಳಗೆ ಇರಬೇಕು. ದೂರ ಇಟ್ಟರೆ ನಡುವಿನ ವೈರಿಗೆ ಕಾವಲಿಲ್ಲ. ಅದರ ಅಳತೆ ದೀಪ ಎಳೆಯೋದಕ್ಕಿಂತ ಜಾಸ್ತಿ, ವೈರು ತಡೆಯೋದಕ್ಕಿಂತ ಕಮ್ಮಿ ಇರಬೇಕು. ನನ್ನ 2 ಆಂಪಿಯರಿನ ದೀಪಕ್ಕೆ 5 ಆಂಪಿಯರಿನದು ಹಾಕಿದ್ದೀನಿ, ಕಾರಿಗೆ ಹಾಕ್ತಾರಲ್ಲ ಆ ಬ್ಲೇಡ್ ಫ್ಯೂಸು.

ಪೀಸು ಹೋದಾಗ ದಪ್ಪ ತಂತಿ ಸುತ್ತೋ ಚಾಳಿ ನಮಗೆಲ್ಲ ಇದೆ, ನನಗೂ ಇತ್ತು. ಕಾವಲುಗಾರನ್ನ ಓಡಿಸಿ ಬಾಗಿಲು ತೆಗೆದಿಟ್ಟ ಹಾಗೆ ಅದು. ಸೋಲಾರ್ ಹಾಕಿಸಿದೋರು ಇವತ್ತು ಸಂಜೆ ಬ್ಯಾಟರಿ ಹತ್ರ ಒಂದ್ಸಲ ಬಗ್ಗಿ ನೋಡಿ. ಫ್ಯೂಸು ಇಲ್ಲದಿದ್ದರೆ ನಾಳೆ ಸಂತೆಗೆ ಹೋದಾಗ ಮೊದಲು ಅದನ್ನ ತನ್ನಿ.