ನಕಾಶೆಯ ಕೆಳಗಿನ ಕಪ್ಪು-ಬಿಳಿ ಪಟ್ಟಿ

ನಮ್ಮ ಕಡೆಯ ಹಳೆಯ ನಕಾಶೆಯೊಂದನ್ನು ಬಿಚ್ಚಿ ಹಾಸಿದರೆ ನೋಡುವವರೆಲ್ಲ ತಮ್ಮ ಊರಿನ ಹೆಸರು ಹುಡುಕುತ್ತಾರೆ. ಸೇಡಂ ಎಲ್ಲಿದೆ, ಮಳಖೇಡ ಎಲ್ಲಿದೆ, ಕಾಗಿಣಾ ಹೊಳೆ ಯಾವ ಕಡೆ ತಿರುಗಿದೆ ಎಂದು ಬೆರಳಾಡಿಸುತ್ತಾರೆ. ಮನೆಗಳ ನಕ್ಷೆ ಬರೆದು ಹೊಟ್ಟೆ ಹೊರೆಯುವ ನನ್ನ ಕಣ್ಣು ಮಾತ್ರ ಮೊದಲು ಕೆಳಅಂಚಿಗೆ ಹೋಗುತ್ತದೆ. ಅಲ್ಲಿ ಕಪ್ಪು-ಬಿಳಿ ಮನೆಗಳ ಒಂದು ಅಳತೆಪಟ್ಟಿ ಇರುತ್ತದೆ.

ಈ ಪಟ್ಟಿಯ ಹಿಂದೆ ದೊಡ್ಡ ಕಥೆಯೇ ಇದೆ. 1802ರಲ್ಲಿ ಲ್ಯಾಂಬ್ಟನ್ ಮದರಾಸಿನ ಹತ್ತಿರ ಆರಂಭಿಸಿದ, ಮುಂದೆ ಮಹಾ ತ್ರಿಕೋನ ಮೋಜಣಿ ಎಂದು ಹೆಸರಾದ ಕೆಲಸ 1815ರಲ್ಲಿ ನಮ್ಮ ನೆರೆಯ ಬೀದರಿಗೆ ಬಂತು. ಅಲ್ಲಿಯ ಆಧಾರರೇಖೆಯನ್ನು 1841ರಲ್ಲಿ ಮತ್ತೆ ಅಳೆದಾಗ ಹಿತ್ತಾಳೆ ಮತ್ತು ಕಬ್ಬಿಣ ಜೋಡಿಸಿದ ಸಲಾಕೆಗಳನ್ನು ಬಳಸಿದರು. ಬಿಸಿಲಿಗೆ ಎರಡೂ ಲೋಹ ಬೇರೆ ಬೇರೆಯಾಗಿ ಹಿಗ್ಗುತ್ತವೆ. ಆ ವ್ಯತ್ಯಾಸವನ್ನೇ ಉಪಾಯ ಮಾಡಿ, ತುದಿಯ ಗುರುತುಗಳ ಅಂತರ ಬದಲಾಗದಂತೆ ನೋಡಿಕೊಂಡರು. ನಮ್ಮ ಬಿಸಿಲು ಎಂಥವರಿಗೂ ಬುದ್ಧಿ ಕಲಿಸುತ್ತದೆ!

ಸಲಾಕೆಯನ್ನು ಹಿಡಿತದಲ್ಲಿಟ್ಟರು ಸರಿ, ಕಾಗದವನ್ನು? ಅದು ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಳತೆಪಟ್ಟಿಯನ್ನು ಅದೇ ಕಾಗದದ ಮೇಲೆ ಬರೆದರೆ ನಕಾಶೆಯೊಡನೆ ಪಟ್ಟಿಯೂ ಹಿಗ್ಗಿ ಕುಗ್ಗುತ್ತದೆ, ಲೆಕ್ಕ ತಪ್ಪುವುದಿಲ್ಲ. ‘ಒಂದು ಇಂಚಿಗೆ ಒಂದು ಮೈಲು’ ಎಂದು ಅಕ್ಷರದಲ್ಲಿ ಬರೆದದ್ದಕ್ಕೆ ಈ ಗುಣವಿಲ್ಲ. 1956ರ ತೂಕ-ಅಳತೆ ಕಾಯ್ದೆಯ ನಂತರ ಮೈಲು ಹೋಗಿ ಕಿಲೋಮೀಟರು ಬಂತು, ಇಂಚಿನ ಹಾಳೆಗಳ ಜಾಗದಲ್ಲಿ 1:50,000ದ ಹಾಳೆಗಳು ಬಂದವು. ಹೊಲ ಮಾತ್ರ ಎಕರೆ-ಗುಂಟೆಯಲ್ಲೇ ಉಳಿಯಿತು. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ.

ಒಮ್ಮೆ ಚಿಂಚೋಳಿ ಕಡೆಯ ಅಣ್ಣತಮ್ಮಂದಿರಿಬ್ಬರು ಪಾಲಿನ ಜಗಳ ಹೊತ್ತು ನನ್ನಲ್ಲಿಗೆ ಬಂದರು. ಕೈಯಲ್ಲಿ ಹೊಲದ ನಕ್ಷೆಯ ಝೆರಾಕ್ಸ್. ತಮ್ಮ ಅದರ ಮೇಲೆ ಫೂಟುಪಟ್ಟಿ ಇಟ್ಟು, ಬರೆದಿದ್ದ ಪ್ರಮಾಣದಿಂದ ಗುಣಿಸಿ, ಅಣ್ಣನೇ ಒತ್ತಿಕೊಂಡಿದ್ದಾನೆಂದು ನಂಬಿಬಿಟ್ಟಿದ್ದ.

“ನಾಲ್ಕು ಎಕರೆ ಇದ್ದದ್ದು ಎರಡು ಹ್ಯಾಂಗ ಆಯ್ತ್ರಿ ಸಾಹೇಬ್ರ?”

“ಹೊಲ ಎಲ್ಲೂ ಹೋಗಿಲ್ಲಪ್ಪ, ಕಾಗದ ಸಣ್ಣದಾಗ್ಯಾದ.”

ಎ-3 ಹಾಳೆಯನ್ನು ಎ-4ಕ್ಕೆ ಇಳಿಸಿದ್ದರು. ಉದ್ದ ನೂರಕ್ಕೆ 71 ಆಗುತ್ತದೆ, ಕ್ಷೇತ್ರ ಸರಿಯಾಗಿ ಅರ್ಧಕ್ಕಿಳಿಯುತ್ತದೆ. ಪುಣ್ಯಕ್ಕೆ ಮೂಲೆಯಲ್ಲಿ ಅಳತೆಪಟ್ಟಿ ಉಳಿದಿತ್ತು. ದಾರವೊಂದನ್ನು ಬದುವಿನ ಗೆರೆಗೆ ಹಿಡಿದು, ಅದನ್ನೇ ಪಟ್ಟಿಯ ಮೇಲಿಟ್ಟು ಮನೆ ಎಣಿಸಲು ತಮ್ಮನಿಗೇ ಹೇಳಿದೆ. ಎರಡು ಸಲ ಎಣಿಸಿದ. ಆಮೇಲೆ ಅಣ್ಣನ ಮುಖ ನೋಡಲಿಲ್ಲ, ಆದರೆ ಇಬ್ಬರೂ ಒಂದೇ ಬಸ್ಸಿಗೆ ಹೋದರು.

ಈಗ ನಕ್ಷೆ ಕಂಪ್ಯೂಟರಿನಲ್ಲಿ. ಆಟೋಕ್ಯಾಡ್ 1982ರಲ್ಲಿ ಬಂದದ್ದು. ಎಳೆದು ಬದಲಿಸಬಹುದಾದ ಡೈನಮಿಕ್ ಬ್ಲಾಕ್ ಬಂದದ್ದು 2006ನೇ ಆವೃತ್ತಿಯಲ್ಲಿ. ಬದಲಾಗುವ ಪಟ್ಟಿ ಏಕೆ ಬೇಕೆಂದರೆ, 1:100ರಲ್ಲಿ ಹತ್ತು ಮೀಟರಿನ ಪಟ್ಟಿ ಕಾಗದದ ಮೇಲೆ 10 ಸೆಂಟಿಮೀಟರು, 1:500ರಲ್ಲಿ ಬರೀ 2. ಅಷ್ಟು ಗಿಡ್ಡ ಪಟ್ಟಿಯಿಂದ ಯಾರಿಗೆ ಉಪಯೋಗ? ಅದನ್ನು ಐವತ್ತು ಮೀಟರಿಗೆ ಬೆಳೆಸಬೇಕು. ಇಲ್ಲೇ ಜಾಗ್ರತೆ ಬೇಕು. ತುದಿಯನ್ನು ಹಿಡಿದು ಎಳೆದಾಗ ಮನೆಗಳು ಒಂದರ ಪಕ್ಕ ಒಂದು ಹೆಚ್ಚಬೇಕೇ ಹೊರತು ಇದ್ದ ಮನೆಗಳೇ ಅಗಲವಾಗಬಾರದು. ಮನೆ ಹಿಗ್ಗಿ ಅಂಕಿ ಹಾಗೆಯೇ ನಿಂತರೆ ಆ ಪಟ್ಟಿ ಸುಳ್ಳು ಸಾಕ್ಷಿ. ನೋಡಲು ಮಾತ್ರ ಬಲು ಚೆಂದ. ಅಂಥ ಪಟ್ಟಿಗಳನ್ನು ಅಂದಕ್ಕೆಂದು ಅಂಟಿಸಿದ ನಕ್ಷೆಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಆದ್ದರಿಂದ ಹಾಳೆಯ ಚೌಕಟ್ಟಿನಲ್ಲಿಡದೆ, ಗೋಡೆ ಬಾಗಿಲುಗಳನ್ನು ಬರೆದ ಜಾಗದಲ್ಲೇ, ಅದೇ ಅಳತೆಯಲ್ಲಿ ಪಟ್ಟಿಯನ್ನೂ ಬರೆಯುತ್ತೇನೆ. ನಕ್ಷೆಗೆ ಆದದ್ದು ಅದಕ್ಕೂ ಆಗಲಿ.

ಶಹಾಬಾದ, ವಾಡಿ ಕಡೆಯ ಮೇಸ್ತ್ರಿಗಳು ಈಗ ನಕ್ಷೆಯನ್ನು ಮೊಬೈಲಿನಲ್ಲೇ ನೋಡುತ್ತಾರೆ, ಎರಡು ಬೆರಳಿನಿಂದ ಹಿಗ್ಗಿಸುತ್ತಾರೆ. ಅಲ್ಲಿ 1:100 ಎಂಬ ಬರಹಕ್ಕೆ ಅರ್ಥವೇ ಇಲ್ಲ. ಪರಸಿ ಕಲ್ಲನ್ನು ಅಡಿಯಲ್ಲಿ ಎಣಿಸಿ ರೂಢಿಯಾದ ಅವರಿಗಾಗಿ ನಾನು ಎರಡು ಪಟ್ಟಿ ಹಾಕುತ್ತೇನೆ: ಮೇಲೆ ಅಡಿ, ಕೆಳಗೆ ಮೀಟರು.