ಎಚ್‌ಪಿ ಏರಿತು, ನೀರು ಇಳಿಯಿತು

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಹರವೆ ಸೀಮೆಯಲ್ಲಿ ಹಿಂದೆ ಬಾವಿಯ ನೀರೆತ್ತುತ್ತಿದ್ದದ್ದು ಎತ್ತು ಎಳೆಯುವ ಕಪಿಲೆ. ಒಂದು ಜೊತೆ ಎತ್ತಿನ ಶಕ್ತಿ ಹೆಚ್ಚುಕಡಿಮೆ ಒಂದು ಎಚ್‌ಪಿ. ಹೀಗಾಗಿ 5 ಎಚ್‌ಪಿ ಮೋಟಾರು ಬಂದಾಗ ಐದು ಜೊತೆ ಎತ್ತು ಹಟ್ಟಿಗೆ ಬಂದಂತಾಯಿತು. ಆದರೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ರೇಸ್ ಕಾರಿನ ಎಂಜಿನ್ನಿಗೆ ಇರುವ ಮಿತಿಯೇ ಈ ಮೋಟಾರಿಗೂ ಇತ್ತು. ಆ ಎಂಜಿನ್ ವಾತಾವರಣದ ಒತ್ತಡ ತುಂಬಿಕೊಟ್ಟಷ್ಟೇ ಗಾಳಿಯಲ್ಲಿ ಓಡಬೇಕು, ಅದರಾಚೆಗಿನ ಒಂದೊಂದು ಎಚ್‌ಪಿಯೂ ದುಬಾರಿ. ಮೇಲೆ ಕೂತು ನೀರು ಹೀರುವ ಪಂಪಿಗೂ ನೀರನ್ನು ತಳ್ಳಿಕೊಡುವುದು ಅದೇ ಒತ್ತಡ. ಲೆಕ್ಕದಲ್ಲಿ 10 ಮೀಟರ್, ತೋಟದಲ್ಲಿ ಏಳೆಂಟು. ಅದಕ್ಕಿಂತ ಕೆಳಗಿನ ನೀರನ್ನು 50 ಎಚ್‌ಪಿ ಮೋಟಾರೂ ಹೀರಲಾರದು. ನೀರು ಇಳಿದಾಗ ಮೋಟಾರನ್ನೂ ಬಾವಿಯೊಳಗೆ ಇಳಿಸಿದರು. ಆಮೇಲೆ ಬೋರ್‌ವೆಲ್ ಬಂತು, ನೀರಲ್ಲೇ ಮುಳುಗಿ ನೀರನ್ನು ಮೇಲಕ್ಕೆ ತಳ್ಳುವ ಸಬ್‌ಮರ್ಸಿಬಲ್ ಬಂತು. ಹೀರುವ ಮಿತಿ ಹೋಯಿತು. ಖರ್ಚು ಶುರುವಾದದ್ದೇ ಅಲ್ಲಿಂದ.

ಒಂದು ಎಚ್‌ಪಿ ಎಂದರೆ ಸೆಕೆಂಡಿಗೆ ಒಂದು ಲೀಟರ್ ನೀರನ್ನು 75 ಮೀಟರ್ ಎತ್ತುವ ಶಕ್ತಿ. ಅರ್ಧ ಶಕ್ತಿ ಸೋರಿಹೋಗುತ್ತದೆ ಎಂದಿಟ್ಟುಕೊಂಡರೂ 10 ಮೀಟರ್ ಆಳದಿಂದ 5 ಎಚ್‌ಪಿ ಮೋಟಾರು ಸೆಕೆಂಡಿಗೆ 18 ಲೀಟರಿಗೂ ಹೆಚ್ಚು ಎತ್ತುತ್ತದೆ. 100 ಮೀಟರ್ ಆಳಕ್ಕೆ 10 ಎಚ್‌ಪಿ ಇಳಿಸಿದರೂ ನಾಲ್ಕು ಲೀಟರ್ ಬಾರದು. ಎಚ್‌ಪಿ ಎರಡರಷ್ಟಾಯಿತು, ನೀರು ಐದನೇ ಒಂದು ಪಾಲಿಗೆ ಬಂತು. ನೆಲದೊಳಗೆ ಅಷ್ಟು ನೀರು ಇದ್ದರೆ ಮಾತ್ರ ಈ ಲೆಕ್ಕ. ಇಲ್ಲಿನದು ಗಟ್ಟಿ ಬಂಡೆಯ ನೆಲ. ನೀರು ಹೆಚ್ಚು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ. ಕೆಳಕ್ಕೆ ಹೋದಂತೆ ಬಿರುಕುಗಳೇ ವಿರಳ.

ಮಳೆ ಕೈಕೊಟ್ಟದ್ದಕ್ಕೆ ಮೋಟಾರನ್ನು ಬೈಯಬೇಕೆ ಎಂದು ಕೇಳಬಹುದು. ಇದು ಮಳೆ ಕಮ್ಮಿಯ ಸೀಮೆ, ಒಪ್ಪೋಣ. ಆದರೆ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಕಂಡದ್ದು ಬೇರೆಯದೇ ಚಿತ್ರ. ಸಹಜವಾಗಿ ದಿಬ್ಬದಡಿ ಆಳದಲ್ಲೂ ಕಣಿವೆಯಲ್ಲಿ ಮೇಲೂ ಇರಬೇಕಾದ ಅಂತರ್ಜಲ, ಒಳ್ಳೆಯ ಮಣ್ಣಿದ್ದು ಬೇಸಾಯ ಜೋರಾಗಿರುವ ಕಣಿವೆಯಲ್ಲೇ ಹೆಚ್ಚು ಆಳಕ್ಕೆ ಇಳಿದಿದೆ. ಬರಗಾಲವೊಂದೇ ಹೀಗೆ ತಿರುವುಮುರುವು ಮಾಡದು.

ಹಾಗಾದರೆ ತಪ್ಪು ಉಚಿತ ಕರೆಂಟಿನದೇ? 1990ರ ದಶಕದ ಆರಂಭದಲ್ಲೂ 2008ರಲ್ಲೂ ಸರ್ಕಾರ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟದ್ದು ನಿಜ. ಅದು ಬಿಲ್ಲನ್ನು ಮರೆಸಿತು, ಖರ್ಚನ್ನಲ್ಲ. ಕೊರೆಸಿದ್ದು, ಪೈಪು, ಸುಟ್ಟ ಮೋಟಾರಿನ ರೀವೈಂಡಿಂಗ್, ನೀರೇ ಬೀಳದ ಬೋರು, ಎಲ್ಲವೂ ರೈತನ ಜೇಬಿನಿಂದಲೇ. ಅರಿಶಿನ, ಬಾಳೆ, ಚೆಂಡುಹೂವು ಈ ಸೀಮೆಗೆ ಕೊಟ್ಟ ಆದಾಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಪಕ್ಕದವನಿಗಿಂತ ಆಳಕ್ಕೆ ಹೋಗಬಲ್ಲವನಿಗೇ ಅದು ಉಳಿಯಿತು.

ಈಗ ಕಬಿನಿಯ ನೀರನ್ನು ಆಲಂಬೂರಿನಿಂದ ಎತ್ತಿ ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅದೂ ಪಂಪಿನ ಕೆಲಸವೇ, ಬೇಕಾದದ್ದೂ ಹೌದು. ಕೆರೆ ತುಂಬಿದ ಊರಿನಲ್ಲಿ ಎಷ್ಟು ಬೋರು, ಯಾವ ಬೆಳೆ ಎಂಬುದನ್ನು ಊರವರೇ ಕೂತು ತೀರ್ಮಾನಿಸದಿದ್ದರೆ ಆ ನೀರೂ ಮುಂದಿನ ಮೋಟಾರಿನ ಪಾಲಾಗುತ್ತದೆ.