ಮಾತು ಬಾರದ ಊರಿನಲ್ಲಿ ಗೆಳೆತನ

ಹೆಬ್ಬಾಳ ದಾಟಿ ಕೆಂಪಾಪುರದತ್ತ ತಿರುಗಿದರೆ ಸಂಜೆ ಹೊತ್ತಿನಲ್ಲಿ ಕಿವಿಗೆ ಬೀಳುವ ಭಾಷೆಗಳಿಗೆ ಲೆಕ್ಕವಿಲ್ಲ. ದರ್ಶಿನಿಯ ಮುಂದೆ ಹಿಂದಿ, ಪಿ.ಜಿ.ಗಳ ಗೇಟಿನಲ್ಲಿ ತೆಲುಗು, ಮಲಯಾಳಂ, ಬಂಗಾಳಿ. ತರಕಾರಿ ಗಾಡಿಯ ಮುಂದೆ ಕೈಸನ್ನೆ. 'ಕನ್ನಡ ಗೊತ್ತಿಲ್ಲ' ಎಂಬ ಎರಡು ಪದಗಳನ್ನು ಮಾತ್ರ ಎಲ್ಲರೂ ಕನ್ನಡದಲ್ಲೇ ಹೇಳುತ್ತಾರೆ.

ಈ ಬಡಾವಣೆಯ ಪಕ್ಕದಲ್ಲಿ ಹಾದುಹೋಗುವ ಹೆದ್ದಾರಿಯನ್ನು ಜನ ಈಗ ಏರ್‌ಪೋರ್ಟ್ ರಸ್ತೆ ಎನ್ನುತ್ತಾರೆ. ಅದರ ಹಳೆಯ ಹೆಸರು ಬಳ್ಳಾರಿ ರಸ್ತೆ. ಇದೇ ರಸ್ತೆಯ ಮೇಲೆ, ಕೆಂಪಾಪುರಕ್ಕೆ ಅಷ್ಟೇನೂ ದೂರವಲ್ಲದ ಜಾಗದಲ್ಲಿ, 1973ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳು ಒಂದು ಆಸ್ಪತ್ರೆ ತೆರೆದರು. ಸುತ್ತ ಹಳ್ಳಿಗಳಿದ್ದ ಕಾಲ ಅದು. 'ಎಲ್ಲಿ ನೋವು?' ಎಂದು ಕೇಳಲು ಬಾರದೆ ಯಾವ ವೈದ್ಯರಿಗೂ ಕೆಲಸ ಸಾಗುತ್ತಿರಲಿಲ್ಲ. 1989ರಿಂದ ಆಸ್ಪತ್ರೆಯ ಆಡಳಿತ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೈಗೆ ಬಂತು. ಆದರೆ ಪರದೇಶದ ಪಾದ್ರಿ ಕನ್ನಡದ ಮುಂದೆ ಬಾಯಿ ಕಟ್ಟಿ ನಿಂತ ಕಥೆ ಆ ಆಸ್ಪತ್ರೆಗಿಂತ ಬಹಳ ಹಳೆಯದು. ಅದರ ಒಂದು ಮುಖ್ಯ ಅಧ್ಯಾಯ ಶುರುವಾದದ್ದು ಈ ರಸ್ತೆಯ ಇನ್ನೊಂದು ತುದಿಯಲ್ಲೇ.

1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಅವರ ಕೈಯಲ್ಲಿ ಅಚ್ಚಾದ ಕನ್ನಡ ನಿಘಂಟು ಇರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಇಟಲಿಯ ಜೆಸ್ವಿಟ್ ಪಾದ್ರಿ ಚಿನ್ನಾಮಿ ಕನ್ನಡದ ವ್ಯಾಕರಣವನ್ನೂ ಶಬ್ದಸಂಗ್ರಹವನ್ನೂ ಬರೆದಿದ್ದರಾದರೂ ಅವು ಹಸ್ತಪ್ರತಿಗಳಾಗಿಯೇ ಉಳಿದಿದ್ದವು. ಹೊಸಬನಿಗೆ ಇದ್ದ ದಾರಿ ಒಂದೇ: ಮುನ್ಷಿಯನ್ನು ಗೊತ್ತುಮಾಡಿಕೊಂಡು ಅವನ ಎದುರು ಕೂರುವುದು. ಮುನ್ಷಿಗೆ ಸಂಬಳ, ಸಾಹೇಬನಿಗೆ ಪಾಠ. ಸಂಬಂಧ ವ್ಯವಹಾರದ್ದೇ. ಆದರೂ ದಿನಕ್ಕೆ ಹಲವು ತಾಸು ಎದುರುಬದುರು ಕೂತು, ಒಬ್ಬನ ತಪ್ಪನ್ನು ಇನ್ನೊಬ್ಬ ತಿದ್ದುತ್ತ ಹೋದರೆ ಅದು ವ್ಯವಹಾರವಾಗಿ ಮಾತ್ರ ಉಳಿಯುವುದು ಕಷ್ಟ. ಬಳ್ಳಾರಿಯ ಈ ಮಿಷನ್ನಿಗೆ ಬಂದು ಸೇರಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟುಗಳನ್ನು ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಮುಂದೆ ಬಂದವರಿಗೆ ಅಷ್ಟರಮಟ್ಟಿಗೆ ದಾರಿ ಸುಗಮವಾಯಿತು.

ಮೈಸೂರು ಸೀಮೆಯಲ್ಲಿ ಇವರಿಗಿಂತ ಮೊದಲೇ ಬೇರೊಂದು ಬಗೆಯ ಪ್ರಯತ್ನ ನಡೆದಿತ್ತು. ಫ್ರಾನ್ಸಿನ ಅಬ್ಬೆ ದ್ಯುಬುವಾ 1792ರಲ್ಲಿ ಭಾರತಕ್ಕೆ ಬಂದವರು, ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಗೆ ಬಂದು ಕೆಲಸ ಮಾಡಿದರು. ಈ ನೆಲದವರಂತೆ ಉಡುಪು ತೊಟ್ಟು, ಇಲ್ಲಿಯ ಊಟ ಉಂಡು ದಶಕಗಳ ಕಾಲ ಬದುಕಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸದಲ್ಲೂ ಮುಂದೆ ನಿಂತರು. ಜನರ ಆಚಾರ ವಿಚಾರಗಳನ್ನು ಕುರಿತ ಅವರ ಪುಸ್ತಕ ಇಂದಿಗೂ ಓದುಗರನ್ನು ಉಳಿಸಿಕೊಂಡಿದೆ. ವಿಚಿತ್ರವೆಂದರೆ, ಇಷ್ಟು ಹತ್ತಿರ ಬಂದ ವ್ಯಕ್ತಿ 1823ರಲ್ಲಿ ಊರಿಗೆ ಹಿಂದಿರುಗಿದಾಗ, ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತೆಂದು ಬರೆದು ತಮ್ಮವರ ಕೋಪಕ್ಕೆ ಗುರಿಯಾದರು. ಅವರ ಪುಸ್ತಕವನ್ನು ಓದಿದವರಿಗೆ ಇನ್ನೊಂದು ಸಂಶಯವೂ ಬರಬಹುದು: ಉಡುಪು ಬದಲಾಯಿಸಿದಷ್ಟು ಸುಲಭವಾಗಿ ಮನಸ್ಸಿನ ದೂರ ಕಡಿಮೆಯಾಗಿತ್ತೇ?

ಆ ದೂರ ನಿಜವಾಗಿ ಕಡಿಮೆಯಾದದ್ದನ್ನು ನೋಡಬೇಕಾದರೆ ಮಂಗಳೂರಿಗೆ ಹೋಗಬೇಕು.

1833ರ ಶಾಸನದ ನಂತರವೇ ಬ್ರಿಟಿಷರಲ್ಲದ ಮಿಷನರಿಗಳಿಗೆ ಕಂಪನಿಯ ಸೀಮೆಯ ಬಾಗಿಲು ಸರಾಗವಾಗಿ ತೆರೆದದ್ದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸಿತು. ಎರಡು ವರ್ಷದ ಮೇಲೆ ಬಂದವರು ಹೆರ್ಮನ್ ಮೊಗ್ಲಿಂಗ್. 1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ ಹುಟ್ಟಿ, ಟ್ಯೂಬಿಂಗೆನ್ನಿನಲ್ಲಿ ದೇವತಾಶಾಸ್ತ್ರ ಓದಿದವರು.

ಮಂಗಳೂರಿನಲ್ಲಿ ಅವರಿಗೆ ಎದುರಾದ ತೊಡಕನ್ನು ಊಹಿಸಿಕೊಳ್ಳಿ. ಕಷ್ಟಪಟ್ಟು ಕಲಿಯುತ್ತಿದ್ದುದು ಕನ್ನಡ. ಗದ್ದೆಯಲ್ಲಿ, ಸಂತೆಯಲ್ಲಿ ಕೇಳುತ್ತಿದ್ದುದು ತುಳು. ಸಾರಸ್ವತರ ಮನೆಗಳಲ್ಲಿ ಕೊಂಕಣಿ, ಮಾಪಿಳ್ಳೆಯರಲ್ಲಿ ಅವರದೇ ಮಾತು. ಕನ್ನಡ ಕಚೇರಿಯ ಮತ್ತು ಶಾಲೆಯ ಭಾಷೆ. ಕಾಗದದಲ್ಲಿ ಬರೆದರೆ ಎಲ್ಲರಿಗೂ ಸಲ್ಲುತ್ತಿತ್ತು, ಬಾಯಿ ಬಿಟ್ಟರೆ ಅರ್ಧ ಊರಿಗೆ ಹೊರಗಿನ ಮಾತು. ಇದರಿಂದಾಗಿ ಗ್ರೈನರ್ ಮೊದಲಾದವರು ತುಳುವಿನ ಕಡೆ ಹೊರಳಿದರು. ಮೊಗ್ಲಿಂಗ್ ಕನ್ನಡವನ್ನೇ ಹಿಡಿದು ಕೂತರು.

ಜರ್ಮನ್ ಭಾಷಿಕನಿಗೆ ಕನ್ನಡದ ಕೆಲವು ಸಂಗತಿಗಳು ಇಂಗ್ಲಿಷರಿಗಿಂತ ಬೇಗ ದಕ್ಕಿರಬೇಕು. 'ನೀನು', 'ನೀವು' ಎಂಬ ಭೇದ ಅವರ ಭಾಷೆಯಲ್ಲೂ ಇದೆ. 'ನನಗೆ ಚಳಿಯಾಗುತ್ತದೆ' ಎನ್ನುವ ನಮ್ಮ ವಾಕ್ಯದ ಕಟ್ಟು ಅವರಿಗೆ ತೀರಾ ಹೊಸದಲ್ಲ. ಆದರೆ ಲ-ಳ, ನ-ಣ, ತ-ಟಗಳು ಬೇರೆ ಬೇರೆ ಎಂದು ಮೊದಲು ಕಿವಿಗೆ ತಿಳಿಯಬೇಕು. ಹುಲಿ ಕಂಡಿತು ಎನ್ನಲು ಹೋಗಿ ಹುಳಿ ಕಂಡಿತು ಎಂದರೆ ಕೇಳಿದವರು ನಗದೆ ಇರುತ್ತಾರೆಯೇ? ಅದಕ್ಕಿಂತ ದೊಡ್ಡ ಪೇಚು ಅರ್ಥದ್ದು. 'ಪಾಪ' ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಪಾದ್ರಿಯ ಉಪದೇಶವೆಲ್ಲ ಪಾಪದ ಸುತ್ತ. ಕೇಳುವವಳು ಬಿದ್ದ ಮಗುವನ್ನು ಎತ್ತಿಕೊಂಡು ಹೇಳುವುದೂ 'ಅಯ್ಯೋ ಪಾಪ' ಎಂದೇ. ಮತ್ತೆ ಹುಟ್ಟಬೇಕು ಎಂದು ಬೈಬಲ್ಲಿನ ಮಾತು ಹೇಳಿದರೆ, ಹುಟ್ಟುಸಾವಿನ ಚಕ್ರದಿಂದ ಬಿಡುಗಡೆ ಬೇಡುವ ಜನಕ್ಕೆ ಅದು ಶುಭವಾರ್ತೆಯಾಗಿ ಕೇಳಿಸುವುದಾದರೂ ಹೇಗೆ? ಇಂಥದಕ್ಕೆ ನಿಘಂಟು ಸಾಲದು. ಜನ ಯಾವ ಮಾತನ್ನು ಯಾವಾಗ ಆಡುತ್ತಾರೆ ಎಂದು ಹತ್ತಿರವಿದ್ದು ನೋಡಬೇಕು. ಸಾಹೇಬರ ಠೀವಿ ಬಿಟ್ಟು ವಿದ್ಯಾರ್ಥಿಗಳ ಜೊತೆಯಲ್ಲೇ ಬದುಕಬೇಕೆಂಬ ಮೊಗ್ಲಿಂಗ್ ಅವರ ಹಟಕ್ಕೆ ಇದೂ ಒಂದು ಕಾರಣವಿರಬಹುದು.

1840ರಲ್ಲಿ ಅವರ ಸಂಬಂಧಿಯೂ ಸ್ನೇಹಿತನೂ ಆದ ಗಾಟ್‌ಫ್ರೀಡ್ ವೈಗ್ಲೆ ಬಂದು ಕೂಡಿಕೊಂಡರು. ಮರುವರ್ಷ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂತು. ನಾಲ್ಕು ಪುಟದ ಪಾಕ್ಷಿಕ. ಊರ ವರ್ತಮಾನ, ಕಂಪನಿ ಸರ್ಕಾರದ ನಿರೂಪಗಳು, ಪರದೇಶದ ಸುದ್ದಿ, ಗಾದೆ, ಕಥೆ, ದಾಸರ ಪದ ಎಲ್ಲಕ್ಕೂ ಅದರಲ್ಲಿ ಜಾಗ. ಕನ್ನಡದ ಮೊದಲ ಪತ್ರಿಕೆ ಅದು. ಜುಲೈ 1ನ್ನು ಪತ್ರಿಕಾ ದಿನವೆಂದು ನಾಡಿನ ಪತ್ರಕರ್ತರು ಆಚರಿಸುವುದು ಅದರ ನೆನಪಿಗೇ. ಏಳು ವರ್ಷಕ್ಕೆ ಹಿಂದೆ ಕನ್ನಡದ ಅಕ್ಷರ ತಿದ್ದುತ್ತಿದ್ದ ಮನುಷ್ಯ ಅದರ ಸಂಪಾದಕ.

ಮೊಗ್ಲಿಂಗ್ ಅವರ ಬದುಕಿನ ಅತ್ಯಂತ ಗಾಢವಾದ ಸ್ನೇಹ ಹುಟ್ಟಿದ್ದು ಇದೇ ದಿನಗಳಲ್ಲಿ. ಮಿಷನ್ನಿನ ಇಂಗ್ಲಿಷ್ ಶಾಲೆಗೆ ಬರುತ್ತಿದ್ದ ಆನಂದರಾಯ ಕೌಂಡಿನ್ಯ ಸಾರಸ್ವತ ಬ್ರಾಹ್ಮಣ ಮನೆತನದ ತರುಣ. ಇವರ ಮನೆಮಾತು ಕೊಂಕಣಿ, ಅವರದು ಜರ್ಮನ್. ಇಬ್ಬರೂ ಮಾತಾಡಬೇಕಾದರೆ ಇಂಗ್ಲಿಷೋ ಕನ್ನಡವೋ ಆಗಬೇಕು, ಎರಡೂ ಇಬ್ಬರಿಗೂ ಕಲಿತು ಬಂದ ಭಾಷೆಗಳು. ಮಾತಿನಲ್ಲಿ ಒಬ್ಬನ ಕೈ ಮೇಲಾಗದ ಇಂಥ ಸ್ಥಿತಿ ಗುರುಶಿಷ್ಯರ ನಡುವೆ ಅಪರೂಪ. ಅವರಿಬ್ಬರು ಎಷ್ಟು ಹತ್ತಿರವಾದರೆಂದರೆ 1844ರ ಜನವರಿಯಲ್ಲಿ ಕೌಂಡಿನ್ಯ ಇನ್ನಿಬ್ಬರು ತರುಣರೊಂದಿಗೆ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಹೆರ್ಮನ್ ಆನಂದರಾಯ ಕೌಂಡಿನ್ಯ ಆದರು.

ಮಂಗಳೂರು ಕೆರಳಿತು. ಗಲಾಟೆಯಾಯಿತು, ಶಾಲೆಯಿಂದ ಮಕ್ಕಳನ್ನು ಬಿಡಿಸಿದರು. ತರುಣನಿಗೆ ಮನೆಯ ಬಾಗಿಲು ಮುಚ್ಚಿತು. ಕೈಹಿಡಿದ ಹೆಂಡತಿಯೂ ಜೊತೆಗೆ ಬರಲಿಲ್ಲ. ಆ ಮನೆಯವರ ಕಡೆಯಿಂದ ನೋಡಿದರೆ, ಪಾದ್ರಿಯ ಸ್ನೇಹವೆಂಬುದು ಮಗನನ್ನು ಕಸಿದುಕೊಂಡ ಸ್ನೇಹ. ಪತ್ರಿಕೆ ತಂದ ಪುಣ್ಯಾತ್ಮನೆಂದು ಮೊಗ್ಲಿಂಗರನ್ನು ಹೊಗಳುವಾಗ ಈ ಮಾತನ್ನು ಮರೆಯುವುದು ನ್ಯಾಯವಲ್ಲ. ಗೆಳೆತನವನ್ನೂ ಮತಪ್ರಚಾರವನ್ನೂ ಅವರು ಬೇರೆ ಮಾಡಿ ನೋಡಿದವರೇ ಅಲ್ಲ. 'ಸಮಾಚಾರ' ಅದೇ ವರ್ಷದ ಫೆಬ್ರವರಿಯಲ್ಲಿ ಮಂಗಳೂರಿನಲ್ಲಿ ನಿಂತು, ಅಚ್ಚುಮೊಳೆಯ ಸೌಕರ್ಯವಿದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಮುಂದುವರಿಯಿತು.

1846ರಲ್ಲಿ ಕೌಂಡಿನ್ಯ ಗುರುವಿನೊಂದಿಗೆ ಬಾಸೆಲ್ಲಿಗೆ ಹೋದರು. ಈಗ ಸರದಿ ಅದಲುಬದಲು. ಮಾತು ಬಾರದ ಊರಿನಲ್ಲಿ ನಿಂತವರು ಮಂಗಳೂರಿನವರು. ಐದು ವರ್ಷ ಅಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದರು. 1860ರಲ್ಲಿ ಜರ್ಮನ್ ಮಹಿಳೆಯನ್ನು ಮದುವೆಯಾದರು. 1893ರಲ್ಲಿ ತೀರಿಕೊಳ್ಳುವವರೆಗೂ ಅವರ ಕೆಲಸ ಈ ಕಡೆಯಲ್ಲೇ ನಡೆಯಿತು.

ಇತ್ತ ಮೊಗ್ಲಿಂಗ್ ಮತ್ತು ವೈಗ್ಲೆಗೆ ಇನ್ನೊಬ್ಬ ಸ್ನೇಹಿತ ದೊರಕಿದ್ದರು. ನಿವೃತ್ತ ನ್ಯಾಯಾಧೀಶ ಕಸಮೇಜರ್. ಅವರು ಕೊಟ್ಟ ಹಣದಿಂದ 1848ರಿಂದ 1853ರವರೆಗೆ ಹಳೆಯ ಕನ್ನಡ ಕೃತಿಗಳನ್ನು 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಹಾಕಲಾಯಿತು. ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು, ರಾವಣ ದಿಗ್ವಿಜಯವೆಂಬ ಯಕ್ಷಗಾನ. ಕ್ರೈಸ್ತ ಪಾದ್ರಿಗಳು ಪುರಂದರದಾಸರನ್ನೂ ಬಸವಣ್ಣನ ಕಥೆಯನ್ನೂ ಅಚ್ಚು ಹಾಕಿದ್ದೇಕೆ? ಜನರ ಮನಸ್ಸು ತಿಳಿದರೆ ತಮ್ಮ ಮಾತು ನಾಟುತ್ತದೆ ಎಂಬ ಲೆಕ್ಕಾಚಾರ ಇದ್ದದ್ದು ಸುಳ್ಳಲ್ಲ. ಆದರೆ ದಾಸರ ಪದಗಳನ್ನು ಮೊಗ್ಲಿಂಗ್ ಜರ್ಮನ್ ಪದ್ಯಕ್ಕೆ ತಿರುಗಿಸಿದ್ದನ್ನು ಕಂಡರೆ, ಲೆಕ್ಕಾಚಾರವನ್ನು ಮೀರಿದ ಮೋಹವೂ ಇತ್ತೆನ್ನಬೇಕಾಗುತ್ತದೆ. ಜರ್ಮನಿಯ ಓದುಗರಿಗೆ ಅದರಿಂದ ಮತಾಂತರದ ಪ್ರಯೋಜನವೇನೂ ಇರಲಿಲ್ಲವಷ್ಟೆ!

ಸ್ವದೇಶಕ್ಕೆ ಹೊರಡಲು ಸಿದ್ಧವಾಗಿದ್ದ ಮೊಗ್ಲಿಂಗರನ್ನು 1853ರಲ್ಲಿ ಕೊಡಗಿಗೆ ಕರೆದೊಯ್ದದ್ದು ಕೂಡ ಒಬ್ಬ ಮನುಷ್ಯನ ಸಂಬಂಧವೇ. ಅಳಮಂಡ ಸೋಮಯ್ಯ ಎಂಬ ಕೊಡವ ಅವರನ್ನು ಹುಡುಕಿಕೊಂಡು ಬಂದ; ಪ್ರಯಾಣ ರದ್ದಾಯಿತು. 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಅವರ ಕೊಡಗಿನ ವೃತ್ತಾಂತ ಆ ನಂಟಿನ ಫಲ. ಅದೇ ವರ್ಷ ವೈಗ್ಲೆ ತೀರಿಕೊಂಡರು. ಗೆಳೆಯನ ವಿಧವೆ ಪೌಲಿನ್ ಅವರನ್ನು ಮೊಗ್ಲಿಂಗ್ ಮದುವೆಯಾದರು. ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಭಾರತ ಬಿಟ್ಟರು.

ಆ ಹೊತ್ತಿಗೆ ಧಾರವಾಡದ ಕಡೆ ಇನ್ನೊಬ್ಬ ಜರ್ಮನ್ ತರುಣ ನಡೆದಾಡುತ್ತಿದ್ದ. 1853ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ ಬಂದಿಳಿದ ಫರ್ಡಿನಾಂಡ್ ಕಿಟ್ಟೆಲ್. ಕುದುರೆಯ ಬದಲು ಕಾಲ್ನಡಿಗೆಯಲ್ಲೇ ಹಳ್ಳಿ ಸುತ್ತುವುದು ಅವರ ಅಭ್ಯಾಸವಾಗಿತ್ತು, ಯುರೋಪಿಯನ್ನರ ಘನತೆಗೆ ಅದು ತಕ್ಕದ್ದಲ್ಲವೆಂದು ಜೊತೆಯವರಿಗೆ ಇರಿಸುಮುರಿಸು. ಕುದುರೆಯ ಮೇಲಿದ್ದವನಿಗೆ ಜನ ದಾರಿ ಬಿಡುತ್ತಾರೆ. ನಡೆಯುವವನ ಜೊತೆ ಹೆಜ್ಜೆ ಹಾಕುತ್ತ ಮಾತಾಡುತ್ತಾರೆ. 1862ರಲ್ಲಿ ಯೇಸುವಿನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ಹಾಡುವಂತೆ 'ಕಥಾಮಾಲೆ' ಬರೆದರು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿಗಳನ್ನು ಸಂಪಾದಿಸಿದರು. ಪ್ರಚಾರದ ಕೆಲಸದಲ್ಲಿ ಹೆಸರು ಗಳಿಸಿದವರಲ್ಲ. ಪಂಡಿತರ ಜೊತೆ ಕೂತು ಓಲೆಗರಿ ಓದುವ ಈ ಪಾದ್ರಿಯ ಬಗ್ಗೆ ಮಿಷನ್ನಿಗೆ ಪೂರ್ತಿ ಸಮಾಧಾನವೂ ಇರಲಿಲ್ಲ.

ಬೆಂಗಳೂರಿನ ಸ್ಥಿತಿ ಬೇರೆ. ಇಲ್ಲಿ ದಂಡಿನ ಪ್ರದೇಶದಲ್ಲಿ ತಮಿಳು, ಪೇಟೆಯಲ್ಲಿ ಕನ್ನಡ. ಲಂಡನ್ ಮಿಷನ್ ಎರಡಕ್ಕೂ ಬೇರೆ ಬೇರೆ ಪಾದ್ರಿಗಳನ್ನು ಇಟ್ಟಿತ್ತು. 1837ರಲ್ಲಿ ಬಂದ ಬೆಂಜಮಿನ್ ರೈಸ್ ಕನ್ನಡದ ಕೆಲಸ ಹಿಡಿದು ಸುಮಾರು ಅರ್ಧ ಶತಮಾನ ಇಲ್ಲೇ ಕಳೆದರು. ಅವೆನ್ಯೂ ರಸ್ತೆಯ ರೈಸ್ ಚರ್ಚು ಅವರ ಹೆಸರಿನದು. ಮಗ ಬಿ.ಎಲ್. ರೈಸ್ ಹುಟ್ಟಿದ್ದೇ ಬೆಂಗಳೂರಿನಲ್ಲಿ. ನಾಡಿನ ಸಾವಿರಾರು ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದವರು ಅವರೇ. ತಂದೆಗೆ ಗೋಡೆಯಾಗಿದ್ದ ಭಾಷೆ ಮಗನಿಗೆ ಅಂಗಳವಾಗಿತ್ತು.

ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದಗಳು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು, ಆ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಮೇಯೋ ಹಾಲ್ ಬಳಿ ಅವರ ಪ್ರತಿಮೆ ನಿಲ್ಲಿಸಲಾಗಿದೆ. ಆಸ್ಟಿನ್ ಟೌನಿಗೆ ಅವರ ಹೆಸರಿಟ್ಟಿದ್ದಾರೆ, ಬಸ್ಸಿನ ಕಂಡಕ್ಟರುಗಳು ಇನ್ನೂ ಹಳೆಯ ಹೆಸರನ್ನೇ ಕೂಗುತ್ತಾರೆ.

ಆ ನಿಘಂಟನ್ನು ತಿರುವಿ ಹಾಕುವವರಿಗೆ ಶಬ್ದಗಳ ಪಕ್ಕದಲ್ಲಿ ಚಿಕ್ಕ ಚಿಕ್ಕ ಗುರುತುಗಳು ಕಾಣುತ್ತವೆ. ಕಾವ್ಯದಿಂದ ತೆಗೆದದ್ದಕ್ಕೆ ಕಾವ್ಯದ ಗುರುತು, ಗಾದೆಯಾದರೆ ಗಾದೆಯೆಂದು ಗುರುತು. ಕೆಲವು ಶಬ್ದಗಳಿಗೆ ಯಾವ ಗ್ರಂಥದ ಆಧಾರವೂ ಇಲ್ಲ. ಅಲ್ಲಿರುವುದು ಮೈಸೂರು ಸೀಮೆಯ ಬಳಕೆಯ ಮಾತು ಎಂದೋ, ಆಗ ದಕ್ಷಿಣ ಮರಾಠ ಪ್ರಾಂತವೆನ್ನುತ್ತಿದ್ದ ಧಾರವಾಡದ ಕಡೆಯ ಮಾತು ಎಂದೋ ಸೂಚಿಸುವ ಎರಡು ಮೂರು ಅಕ್ಷರ ಮಾತ್ರ. ಮನೆಯ ಜಗಲಿಯ ಮೇಲೋ ಹೊಲದ ಬದುವಿನಲ್ಲೋ ಯಾರೋ ಆಡಿದ್ದನ್ನು ಕೇಳಿ ಗುರುತು ಹಾಕಿಕೊಂಡ ಶಬ್ದಗಳು ಅವು. ಆಡಿದವರ ಹೆಸರು ಪುಸ್ತಕದಲ್ಲಿಲ್ಲ.